ಅಪ್ಪನ ಕೈಯೂ ಆಡಿನ ತಲೆಯೂ

ನಮ್ಮ ಮನೆಯಿಂದ ಯಾರೇ ಹೊರಗೆ ಹೋಗಬೇಕಾದರೂ ಅಪ್ಪನ ಕೈಯ ಕೆಳಗೆ ಹಾದು ಹೋಗಬೇಕಿತ್ತು. ಒಮಾನ್ ದೇಶದ ಅಲ್ ಅಜೈಬಾದಲ್ಲಿದ್ದ ಆ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಚಪ್ಪಲಿ ಸ್ಟ್ಯಾಂಡಿಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅಪ್ಪ ಅಲ್ಲಿ ನಿಂತಿರುತ್ತಿದ್ದರು. ಒಂದು ಕೈಯಲ್ಲಿ ಕಾರಿನ ಕೀ, ಇನ್ನೊಂದು ಕೈ ಖಾಲಿ. ಖಾಲಿ ಕೈ ನಮ್ಮ ಲೆಕ್ಕದ್ದು. ಮೊದಲು ಕ್ಲಿನಿಕ್ಕಿನ ಕೆಲಸಕ್ಕೆ ಹೊರಟ ಅಮ್ಮ, ಆಮೇಲೆ ನಾನು, ಕೊನೆಗೆ ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಪ್ರೀತಮ. ತಲೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ ಅಪ್ಪ ಪ್ರಾರ್ಥನೆ ಮಾಡುತ್ತಿದ್ದರು. ಏನು ಹೇಳುತ್ತಾರೆ ಎಂಬುದು ಯಾರಿಗೂ ಕೇಳಿಸುತ್ತಿರಲಿಲ್ಲ. ಕೆಳಗೆ ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಅವರ ತುಟಿ ತನ್ನ ಪಾಡಿಗೆ ಅಲ್ಲಾಡುತ್ತಲೇ ಇರುತ್ತಿತ್ತು. ಘಾಲಾದ ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿದ್ದವರ ಕೈ ಅದು. ಗೇರ್‌ಬಾಕ್ಸ್ ಎತ್ತಿ ಇಳಿಸಿ ಅಗಲವಾಗಿತ್ತು, ಭಾರವಾಗಿತ್ತು, ಎಷ್ಟು ತೊಳೆದರೂ ಗ್ರೀಸಿನ ವಾಸನೆ ಬಿಡುತ್ತಿರಲಿಲ್ಲ. ಅಮ್ಮ ಐದೂವರೆಗೇ ಎದ್ದು ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ್ದ ನನ್ನ ಎರಡು ಜಡೆಗಳ ನಡುವಿನ ಬೈತಲೆ ದಿನವೂ ಆ ಕೈಯ ಕೆಳಗೆ ಚಪ್ಪಟೆಯಾಗುತ್ತಿತ್ತು. ನನಗೆ ಅದರ ಬಗ್ಗೆ ಯಾವ ತಕರಾರೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಅಪ್ಪಂದಿರು ಹೀಗೆಯೇ ಬಾಗಿಲಲ್ಲಿ ನಿಂತಿರುತ್ತಾರೆ ಎಂದು ನಾನು ತಿಳಿದಿದ್ದೆ.

ನನ್ನ ಒಂಬತ್ತನೇ ವಯಸ್ಸಿನಲ್ಲಿ ದೊಡ್ಡಮ್ಮ ಬಂದರು. ಅಮ್ಮನ ಅಕ್ಕ, ಉಡುಪಿಯಿಂದ, ಮೂರು ತಿಂಗಳ ವಿಸಿಟ್ ವೀಸಾದಲ್ಲಿ. ಒಂದು ಪೆಟ್ಟಿಗೆಯ ತುಂಬ ಪುನರ್ಪುಳಿ, ಹಪ್ಪಳ, ಒಣ ಸಿಗಡಿ. ಇನ್ನೊಂದು ಪೆಟ್ಟಿಗೆಯಲ್ಲಿ ಬಿಳಿ ಸೀರೆಗಳು ಮತ್ತು ಅಂಚು ಸವೆದ ದೊಡ್ಡ ಅಕ್ಷರದ ವೇದಪುಸ್ತಕ. ನಮ್ಮದು ಹಳೆಯ ಕಾಲದಿಂದ ಬಂದ ಕನ್ನಡ ಕ್ರೈಸ್ತ ಸಭೆ. ನಾವು ಸಾಲಾಗಿ ಕೂತು, ಮೆಲ್ಲಗೆ ಹಾಡಿ, ಪ್ರಾರ್ಥನೆಯ ಕೊನೆಗೆ ತಗ್ಗಿದ ದನಿಯಲ್ಲಿ ಆಮೆನ್ ಹೇಳುವವರು. ದೊಡ್ಡಮ್ಮ ಹತ್ತು ವರ್ಷದ ಹಿಂದೆ ಮೊಣಕಾಲಿನ ನೋವಿಗೆ ಯಾವುದೋ ಪ್ರಾರ್ಥನಾ ಗುಂಪಿಗೆ ಹೋಗಿ, ಅಲ್ಲಿಯವರು ಕೈ ಇಟ್ಟು ಪ್ರಾರ್ಥಿಸಿ ನೋವು ಇಳಿದ ಮೇಲೆ, ತಾವೂ ಕೈ ಇಡಲು ಶುರು ಮಾಡಿದವರು. ಬಂದ ಮೊದಲನೇ ವಾರವೇ ಅವರು ಪಕ್ಕದ ಮನೆಯ ಮೈಸೂರಿನ ವಿಜಯಾ ಆಂಟಿಯ ಸೊಂಟದ ಮೇಲೆ, ಕೆಳಗಿನ ಇಸ್ತ್ರಿ ಅಂಗಡಿಯವನ ಭುಜದ ಮೇಲೆ, ಸರಿಯಾಗಿ ಸೀಟಿ ಹಾಕದ ನಮ್ಮ ಕುಕ್ಕರಿನ ಮೇಲೆ ಕೈ ಇಟ್ಟರು. ವಿಜಯಾ ಆಂಟಿ ಸೊಂಟ ಹಗುರವಾಯಿತು ಎಂದು ಒಂದು ಡಬ್ಬಿ ಪುಳಿಯೋಗರೆ ಗೊಜ್ಜು ಕಳಿಸಿಕೊಟ್ಟರು. ಕುಕ್ಕರು ಮಾತ್ರ ಅಮ್ಮ ಗ್ಯಾಸ್ಕೆಟ್ ಬದಲಾಯಿಸುವ ತನಕ ಬಾಯಿ ಬಿಡಲಿಲ್ಲ.

ಹಾಲಿನಲ್ಲಿದ್ದ ಊಟದ ಮೇಜೇ ನಮ್ಮ ಮನೆಯ ನಡುಮಧ್ಯ. ಊರಿಗೆ ಮರಳಿ ಹೋದ ಯಾರೋ ಬಿಟ್ಟುಕೊಟ್ಟ ಆರು ಕುರ್ಚಿಯ ಮೇಜು. ಐದು ಕುರ್ಚಿ ಗಟ್ಟಿ, ಆರನೆಯದರಲ್ಲಿ ಕೂತವರು ಎಡಕ್ಕೆ ವಾಲುತ್ತಿದ್ದರು. ಅದರ ಹಿಂದೆ ಒಂದು ದಪ್ಪ ಪರದೆ. ಪರದೆಯ ಆಚೆ ದೊಡ್ಡಮ್ಮನ ಮಂಚ, ನಮ್ಮ ಓದುವ ಜಾಗ, ಇಸ್ತ್ರಿ ಮಾಡುವ ಹಲಗೆ, ಕಿಟಕಿಗೆ ಕೂರಿಸಿದ್ದ ಎ.ಸಿ. ಎಲ್ಲವೂ ಅಲ್ಲೇ. ಮೇಜಿನ ಮೇಲೆ ರಾತ್ರಿಯ ಊಟಕ್ಕೆ ಖುಬ್ಬೂಸ್ ರೊಟ್ಟಿ, ಬಂಗುಡೆ ಸಾರು, ಮತ್ತು ಅಪ್ಪ-ದೊಡ್ಡಮ್ಮನ ಜಗಳ. ಜಗಳಕ್ಕೆ ವಿಷಯ ಒಂದೇ: ಮೊದಲ ಕಾಲದ ಕ್ರೈಸ್ತರು ಯಾಕೆ ಒಬ್ಬರ ಮೇಲೊಬ್ಬರು ಕೈ ಇಡುತ್ತಿದ್ದರು?

ದೊಡ್ಡಮ್ಮನ ಪ್ರಕಾರ ಅದು ಶಕ್ತಿ. ಕೈ ಇಟ್ಟವರ ಒಳಗಿದ್ದದ್ದು ಕೆಳಗಿನವರಿಗೆ ದಾಟುತ್ತದೆ. ಸಭೆಯನ್ನು ಹಿಂಸಿಸುತ್ತಿದ್ದ ಸೌಲ ದಮಸ್ಕದಲ್ಲಿ ಮೂರು ದಿನ ಕುರುಡನಾಗಿ ಕೂತಿದ್ದಾಗ ಅನನೀಯ ಹೋಗಿ ಕೈ ಇಟ್ಟ, ಕಣ್ಣಿನಿಂದ ಪೊರೆ ಕಳಚಿ ಬಿತ್ತು. ಅದೇ ಸೌಲ ಮುಂದೆ ಪೌಲನಾಗಿ, ಹಡಗು ಒಡೆದು ಒಂದು ದ್ವೀಪಕ್ಕೆ ಸೇರಿದಾಗ, ಜ್ವರ ಮತ್ತು ರಕ್ತಭೇದಿಯಿಂದ ಮಲಗಿದ್ದ ಮುದುಕನ ಮೇಲೆ ಕೈ ಇಟ್ಟು ಎಬ್ಬಿಸಿದ. ಈ ರಕ್ತಭೇದಿಯ ಕಥೆ ದೊಡ್ಡಮ್ಮನಿಗೆ ಬಹಳ ಪ್ರಿಯ. ಅದು ಯಾವಾಗಲೂ ಸಾರು ಬಡಿಸುವ ಹೊತ್ತಿಗೇ ಬರುತ್ತಿತ್ತು. ಊಟ ಮುಗಿಯುವವರೆಗಾದರೂ ಆ ಮುದುಕನನ್ನು ಮಲಗಿರಲು ಬಿಡಬೇಕೆಂದು ಅಮ್ಮ ಎಷ್ಟೋ ಸಲ ಬೇಡಿಕೊಂಡಿದ್ದಾರೆ.

ಅಪ್ಪನದು ಬೇರೆ ಲೆಕ್ಕ. ಅವರಿಗೆ ಪ್ರಿಯವಾದದ್ದು ಏಳು ಜನರ ಕಥೆ. ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂದು ಗೊಣಗಾಟ ಎದ್ದಿತು. ಬಡಿಸುವ ಕೆಲಸ ನೋಡಿಕೊಳ್ಳಲು ಏಳು ಜನರನ್ನು ಆರಿಸಿದರು. ಅವರ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು. ಯಾವ ರೋಗವೂ ಇಲ್ಲ, ಯಾವ ಪೊರೆಯೂ ಇಲ್ಲ, ಊಟ ಬಡಿಸುವ ಕೆಲಸ. ಕೈ ಇಡುವುದೆಂದರೆ ಈ ಕೆಲಸ ನಿನ್ನದು, ನಿನ್ನ ಬೆನ್ನ ಹಿಂದೆ ನಾವಿದ್ದೇವೆ ಎಂದು ಹೇಳುವುದು, ಅಷ್ಟೇ ಎಂದು ಅಪ್ಪ ವಾದಿಸುತ್ತಿದ್ದರು. ಅವಸರದಲ್ಲಿ ಯಾರ ಮೇಲೂ ಕೈ ಇಡಬೇಡ ಎಂದು ಪೌಲನೇ ತನ್ನ ಶಿಷ್ಯನಿಗೆ ಬುದ್ಧಿ ಹೇಳಿದ್ದನ್ನು ಅವರು ಕುಕ್ಕರಿನ ಕಡೆ ನೋಡುತ್ತಾ ನೆನಪಿಸುತ್ತಿದ್ದರು. ಒಂದು ಸಂಜೆ ಎ.ಸಿ. ಕೆಟ್ಟು ನಿಂತಾಗ ದೊಡ್ಡಮ್ಮ ಹೋಗಿ ಅದರ ಮೇಲೆ ಎರಡೂ ಕೈ ಇಟ್ಟರು. ಅದು ಗುರ್ ಎಂದು ಶುರುವಾಯಿತು. ತಾನು ಆಗಷ್ಟೇ ಅದರ ಕೆಪಾಸಿಟರ್ ಬದಲಾಯಿಸಿ ಸ್ವಿಚ್ ಹಾಕಲು ಹೋಗಿದ್ದಾಗಿ ಅಪ್ಪ ಹೇಳಿದರು. ಹಾಗಾದರೆ ಸ್ವಿಚ್ ಹಾಕುವ ಮೊದಲೇ ಯಾಕೆ ಶುರುವಾಯಿತು ಎಂದು ದೊಡ್ಡಮ್ಮ ಕೇಳಿದರು. ಮೊದಲೇ ಶುರುವಾಗಿರಲಿಲ್ಲ ಎಂದು ಅಪ್ಪ. ಈ ಕೇಸು ಇವತ್ತಿನವರೆಗೂ ತೀರ್ಮಾನವಾಗಿಲ್ಲ. ಈಗ ಎಂಬತ್ತು ದಾಟಿರುವ ದೊಡ್ಡಮ್ಮ ನನ್ನ ತಲೆನೋವಿಗೆ ವಾಟ್ಸ್ಯಾಪಿನಲ್ಲಿ ಪ್ರಾರ್ಥನೆ ಕಳಿಸಿ, ಫೋನನ್ನು ಹಣೆಗೆ ಒತ್ತಿ ಹಿಡಿದುಕೊಂಡು ಕೇಳು ಎನ್ನುವಾಗಲೂ ಎ.ಸಿ.ಯ ಮಾತು ಎತ್ತುತ್ತಾರೆ.

ಆ ವರ್ಷವೇ ಅಪ್ಪನನ್ನು ಸಭೆಯ ಹಿರಿಯರಲ್ಲಿ ಒಬ್ಬರನ್ನಾಗಿ ಆರಿಸಿದ್ದರು. ನಮ್ಮ ಆರಾಧನೆ ನಡೆಯುತ್ತಿದ್ದುದೂ ಘಾಲಾದಲ್ಲೇ, ಗ್ಯಾರೇಜುಗಳ ಸಾಲಿನಿಂದ ಸ್ವಲ್ಪ ಆಚೆ, ಎಲ್ಲ ಭಾಷೆಯವರ ಚರ್ಚುಗಳೂ ಇದ್ದ ಒಂದೇ ಆವರಣದಲ್ಲಿ. ಶುಕ್ರವಾರ ರಜೆ. ಒಂದೇ ಹಾಲು, ಬೆಳಿಗ್ಗೆಯಿಂದ ಸಂಜೆಯವರೆಗೆ ಸರತಿ. ತಮಿಳರು ಹೊರಟ ಮೇಲೆ ನಾವು, ನಾವು ಹೊರಟ ಮೇಲೆ ಮಲಯಾಳಿಗಳು. ನಮಗೆ ಸಿಗುತ್ತಿದ್ದುದು ಒಂದೂಕಾಲು ಗಂಟೆ. ಅಯ್ಯನವರ, ಅಂದರೆ ನಮ್ಮ ಸಭಾಪಾಲಕರ, ಪ್ರಸಂಗ ಸ್ವಲ್ಪ ಉದ್ದವಾದರೆ ಬಾಗಿಲ ಗಾಜಿನಲ್ಲಿ ಮಲಯಾಳಿ ಮುಖಗಳು ಒಂದೊಂದಾಗಿ ಮೂಡುತ್ತಿದ್ದವು. ಇನ್ನು ಮೂರು ವಾರಕ್ಕೆ ಅಲ್ಲಿ ಅಪ್ಪ ಮೊಣಕಾಲೂರಬೇಕಿತ್ತು, ಅಯ್ಯನವರು ಅವರ ತಲೆಯ ಮೇಲೆ ಕೈ ಇಡಬೇಕಿತ್ತು. ಹಿರಿಯರಾದವರು ರೋಗಿಗಳ ಮನೆಗೆ, ಕೆಲಸ ಕಳೆದುಕೊಂಡವರ ಕೋಣೆಗೆ, ಲೇಬರ್ ಕ್ಯಾಂಪುಗಳಿಗೆ ಹೋಗಿ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಬೇಕು. ಅಪ್ಪ ಹೊರಗೆ ಏನೂ ತೋರಿಸಿಕೊಳ್ಳಲಿಲ್ಲ. ಆದರೆ ಬಿಳಿ ಶರ್ಟನ್ನು ಕೆಳಗಿನ ಇಸ್ತ್ರಿ ಅಂಗಡಿಗೆ ಕೊಟ್ಟು ತಂದು, ಸಮಾಧಾನವಾಗದೆ ಮತ್ತೊಮ್ಮೆ ಕೊಟ್ಟದ್ದನ್ನು ನಾನು ನೋಡಿದ್ದೆ.

ಆ ಹೊತ್ತಿಗೆ ಸರಿಯಾಗಿ ನಮ್ಮ ಮಕ್ಕಳ ವೇದಪಾಠದ ಟೀಚರು ರಜೆಯಲ್ಲಿ ಊರಿಗೆ ಹೋದರು. ಆ ಶುಕ್ರವಾರದ ಕ್ಲಾಸು ದೊಡ್ಡಮ್ಮನ ಪಾಲಿಗೆ ಬಂತು. ಅವತ್ತಿನ ಪಾಠ ಹಳೆಯ ಕಾಲದ ಯಾಜಕನದ್ದು: ವರ್ಷಕ್ಕೊಮ್ಮೆ ಒಂದು ಹೋತದ ತಲೆಯ ಮೇಲೆ ಎರಡೂ ಕೈ ಊರಿ, ಜನರ ಪಾಪಗಳನ್ನೆಲ್ಲ ಅದರ ಮೇಲೆ ಹೊರಿಸಿ, ಮರುಭೂಮಿಗೆ ಅಟ್ಟುವುದು. ಸುಮ್ಮನೆ ಓದಿ ಬಿಡುವ ಜಾಯಮಾನ ದೊಡ್ಡಮ್ಮನದಲ್ಲ. ಪ್ರೀತಮನನ್ನು ನಾಲ್ಕು ಕಾಲಲ್ಲಿ ನಿಲ್ಲಿಸಿದರು. ನಾವು ಹನ್ನೊಂದು ಮಕ್ಕಳು ಒಬ್ಬೊಬ್ಬರಾಗಿ ನಮ್ಮ ಪಾಪ ಹೇಳಬೇಕು, ಅವರು ಅದನ್ನು ಅವನ ತಲೆಗೆ ಒತ್ತಬೇಕು. ಹೋಮ್‌ವರ್ಕ್ ಕಾಪಿ, ಫ್ರಿಜ್ಜಿನಿಂದ ಕದ್ದ ಚಾಕೊಲೇಟು, ಅಜ್ಜಿಗೆ ಫೋನಿನಲ್ಲಿ ಹೇಳಿದ ಸುಳ್ಳು, ಎಲ್ಲ ಅವನ ಮೇಲೆ ಬಿತ್ತು. ಆಮೇಲೆ ಬಾಗಿಲು ತೆರೆದು ಮರುಭೂಮಿಗೆ ಅಟ್ಟಿದರು. ಹೊರಗೆ ಕಾರು ನಿಲ್ಲಿಸುವ ಜಾಗ, ಮಟಮಟ ಮಧ್ಯಾಹ್ನ. ದೊಡ್ಡಮ್ಮ ಮುಂದಿನ ವಚನಕ್ಕೆ ಹೋಗಿ, ಅಲ್ಲಿಂದ ರಕ್ತಭೇದಿಗೆ ಹೋಗಿ, ಹೋತವನ್ನು ಮರೆತೇಬಿಟ್ಟರು. ಸುಮಾರು ಹೊತ್ತಾದ ಮೇಲೆ ಒಬ್ಬ ತಮಿಳು ಸಭೆಯ ಹೆಂಗಸು ಕೆಂಪಾಗಿದ್ದ ಪ್ರೀತಮನನ್ನು ಕೈ ಹಿಡಿದು ತಂದು, ಈ ಮಗು ಯಾರದೆಂದು ಕೇಳಿದಳು. ಪಾಪ ವಾಪಸು ಬಂದ ಹಾಗಾಯಿತಲ್ಲ ಎಂದು ನನಗೆ ಕಳವಳವಾಯಿತು.

ಮರುದಿನ ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು ನನ್ನ ತಲೆಯ ಮೇಲೆ ಕೈ ಇಟ್ಟರು. ಆ ಭಾರ, ಆ ಮುಚ್ಚಿದ ಕಣ್ಣು, ಆ ಕೇಳಿಸದ ಪಿಸುಮಾತು. ಅಪ್ಪ ಇಷ್ಟು ವರ್ಷ ದಿನವೂ ತಮ್ಮ ಪಾಪಗಳನ್ನು ನನ್ನ ಮೇಲೆ ಹೊರಿಸಿ ಬಸ್ಸು ಹತ್ತಿಸಿ ಕಳಿಸುತ್ತಿದ್ದಾರೆ ಎಂಬುದು ನನಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಒಳಗಿದ್ದದ್ದು ದಾಟುತ್ತದೆ ಎಂದು ದೊಡ್ಡಮ್ಮ ದಿನವೂ ಹೇಳುತ್ತಿರಲಿಲ್ಲವೇ? ಶಾಲೆಯ ಸುತ್ತ ಇದ್ದದ್ದೂ ಬರೀ ಮರಳು. ಘಾಲಾದ ಗ್ಯಾರೇಜುಗಳ ಹಿಂದೆ ಕಾರ್ಡ್‌ಬೋರ್ಡ್ ತಿನ್ನುತ್ತಾ ಅಲೆಯುವ ಆಡುಗಳ ಮುಖದಲ್ಲಿ ಅಷ್ಟೊಂದು ದುಃಖ ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಅಪ್ಪನಿಗೆ ಪಾಪ ಇಲ್ಲ ಎನ್ನುವಂತಿರಲಿಲ್ಲ. ಅವರಿಗೆ ಶುಗರ್ ಇತ್ತು, ಸಿಹಿ ಮುಟ್ಟಬಾರದೆಂದು ಅಮ್ಮನ ಆಣತಿ. ಆದರೆ ಒಮಾನಿ ಗಿರಾಕಿಗಳು ಪ್ರೀತಿಯಿಂದ ತಂದುಕೊಡುತ್ತಿದ್ದ ಹಲ್ವಾದ ಡಬ್ಬಿ ಕಾರಿನ ಸೀಟಿನ ಕೆಳಗಿರುವುದು ನನಗೆ ಗೊತ್ತಿತ್ತು. ನನಗೂ ಒಂದು ಚಮಚ ಕೊಟ್ಟು ಅಮ್ಮನಿಗೆ ಹೇಳಬೇಡ ಎಂದಿದ್ದರು. ಸಭೆಯ ಕಮಿಟಿ ಮೀಟಿಂಗಿನ ದಿನ ಅಯ್ಯನವರಿಗೆ ಜ್ವರ ಎಂದು ಫೋನ್ ಮಾಡಿ, ಸೋಫಾದಲ್ಲಿ ಕೂತು ಕ್ರಿಕೆಟ್ ನೋಡಿದ್ದರು. ದೊಡ್ಡಮ್ಮನ ಮೀನುಸಾರನ್ನು ಬಹಳ ರುಚಿ ಎಂದು ಹೊಗಳಿ, ಬಚ್ಚಲಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿದ್ದರು. ಇವಿಷ್ಟು ನನಗೆ ಗೊತ್ತಿದ್ದವು. ಗೊತ್ತಿಲ್ಲದವು ಎಷ್ಟೋ. ಅವತ್ತು ಗಣಿತದ ಟೆಸ್ಟಿನಲ್ಲಿ ನನಗೆ ಇಪ್ಪತ್ತಕ್ಕೆ ಆರು ಬಂತು. ಇನ್ಯಾವ ಸಾಕ್ಷಿ ಬೇಕು?

ಅಂದಿನಿಂದ ನಾನು ತಲೆ ತಪ್ಪಿಸತೊಡಗಿದೆ. ಬಸ್ಸಿನ ಹಾರ್ನ್ ಕೇಳುವವರೆಗೆ ಬಚ್ಚಲಲ್ಲಿ ಕೂತು, ಕೇಳಿದ ಕೂಡಲೇ ಬಾಣದ ಹಾಗೆ ಅಪ್ಪನ ತೋಳಿನ ಕೆಳಗೆ ನುಗ್ಗಿ ಮೆಟ್ಟಿಲಿಳಿದೆ. ಒಂದು ದಿನ ಈಜುವ ಟೋಪಿ ಹಾಕಿಕೊಂಡೆ. ಇನ್ನೊಂದು ದಿನ ಸ್ಕೂಲ್ ಬ್ಯಾಗನ್ನು ತಲೆಯ ಮೇಲೆ ಹೊತ್ತು ಬಂದು ಬೆನ್ನು ನೋವು ಎಂದೆ. ದೊಡ್ಡಮ್ಮ ಅದನ್ನು ಕೇಳಿ ಬೆನ್ನಿನ ಮೇಲೆ ಕೈ ಇಡಲು ಎದ್ದು ಬಂದರು. ನಾನು ಕಿರುಚಿಕೊಂಡು ಓಡಿದೆ. ಹುಡುಗಿಗೆ ಏನೋ ಸೋಕಿದೆ ಎಂದು ದೊಡ್ಡಮ್ಮ ಅಮ್ಮನಿಗೆ ಹೇಳಿದರು. ಸೋಕಿರುವುದು ಸೋಮಾರಿತನ ಎಂದು ಅಮ್ಮ. ಇಷ್ಟಾದರೂ ಅಪ್ಪ ಮೂರು ಸಲ ನನ್ನನ್ನು ಹಿಡಿದುಬಿಟ್ಟಿದ್ದರು. ಆ ಮೂರು ದಿನದ್ದನ್ನು ಏನು ಮಾಡುವುದು? ನಾನು ಪ್ರೀತಮನನ್ನು ಪರದೆಯ ಹಿಂದೆ ಕೂರಿಸಿ, ಎರಡೂ ಕೈಯನ್ನು ಅವನ ತಲೆಗೆ ಒತ್ತಿ, ಅಪ್ಪನ ಪಾಪಗಳನ್ನು ಒಂದೊಂದಾಗಿ ಹೆಸರು ಹೇಳಿ ದಾಟಿಸಿದೆ. ಅವನಿಗೆ ಹೇಗಿದ್ದರೂ ಅನುಭವವಿತ್ತು. ಬಾಯಿಪಾಠ ಮಾಡಿಸಿಯೂ ಬಿಟ್ಟೆ, ಮುಂದೆ ಅವನು ಯಾವುದಾದರೂ ಆಡಿಗೆ ದಾಟಿಸುವಾಗ ಒಂದೂ ಬಿಟ್ಟುಹೋಗಬಾರದಲ್ಲ.

ಅಪ್ಪ ಇದಕ್ಕೆಲ್ಲ ಏನೂ ಕೇಳಲಿಲ್ಲ. ಬೈಯಲೂ ಇಲ್ಲ. ಮೂರನೆಯದೋ ನಾಲ್ಕನೆಯದೋ ದಿನದಿಂದ ಅವರು ಗ್ಯಾರೇಜಿನಿಂದ ಬಂದ ಕೂಡಲೇ ಬಚ್ಚಲಿಗೆ ಹೋಗಿ ಕೈ ತಿಕ್ಕಲು ಶುರು ಮಾಡಿದರು. ಬಟ್ಟೆ ಸೋಪಿನ ಪುಡಿ, ನಿಂಬೆ ಸಿಪ್ಪೆ, ಪಾತ್ರೆ ತಿಕ್ಕುವ ಬ್ರಷ್ಷು. ಕೈ ಕೆಂಪಾಗುವ ತನಕ ತಿಕ್ಕಿ, ಮೂಸಿ ನೋಡಿ, ಮತ್ತೆ ತಿಕ್ಕುತ್ತಿದ್ದರು. ಬೆಳಿಗ್ಗೆಯೂ ತಿಕ್ಕಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ಆಗಲೂ ನುಗ್ಗಿ ಹೋಗುತ್ತಿದ್ದೆ. ಒಂದು ಸಂಜೆ ಪರದೆಯ ಹಿಂದೆ ನಾನು ಹೋಮ್‌ವರ್ಕ್ ಮಾಡುತ್ತಿದ್ದಾಗ ಮೇಜಿನ ಬಳಿ ಅಪ್ಪ ಅಮ್ಮನಿಗೆ ಹೇಳುತ್ತಿರುವುದು ಕೇಳಿಸಿತು. ಹಿರಿಯನಾಗುವುದು ತನ್ನಿಂದಾಗದು ಎಂದು ಅಯ್ಯನವರಿಗೆ ಫೋನ್ ಮಾಡಿ ತಿಳಿಸಿದೆ ಎಂದರು. ಅಮ್ಮ ಯಾಕೆ ಎಂದು ಕೇಳಿದರು.

"ಮನೆಯ ಮಗಳೇ ತಲೆ ತಪ್ಪಿಸ್ತಾಳೆ. ನನ್ನ ಕೈ ಅವಳಿಗೆ ಅಸಹ್ಯ ಆಗ್ತದೆ. ಮತ್ತೆ ನಾನು ಸಭೆಯಲ್ಲಿ ಯಾರ ತಲೆ ಮೇಲೆ ಕೈ ಇಡ್ಲಿ, ಹೇಳು?"

ಪೆನ್ಸಿಲು ನನ್ನ ಕೈಯಲ್ಲೇ ನಿಂತಿತು. ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅಸಹ್ಯವಲ್ಲ, ಹೆದರಿಕೆ ಎಂದು ಓಡಿ ಹೋಗಿ ಹೇಳಬೇಕೆನಿಸಿತು. ಆದರೆ ಹೇಳಿದರೆ ಯಾಕೆ ಹೆದರಿಕೆ ಎಂದು ಕೇಳುತ್ತಾರೆ, ಆಗ ಹಲ್ವಾ ಹೊರಬರುತ್ತದೆ, ಜ್ವರ ಹೊರಬರುತ್ತದೆ, ಹಿರಿಯನಾಗುವುದು ಅಲ್ಲಿಗೇ ಖಲಾಸ್. ಹೇಳದಿದ್ದರೂ ಖಲಾಸ್. ಒಂಬತ್ತು ವರ್ಷದ ತಲೆಗೆ ಅದು ಬಹಳ ಭಾರವಾಗಿತ್ತು, ಅಪ್ಪನ ಕೈಗಿಂತಲೂ. ನಾನು ಭೂಪಟದಲ್ಲಿ ಸಲಾಲಾ ಪಟ್ಟಣ ಗುರುತಿಸಬೇಕಾದಲ್ಲಿ ಸಮುದ್ರದ ಮಧ್ಯೆ ಚುಕ್ಕೆ ಇಟ್ಟು ಸುಮ್ಮನೆ ಅಳುತ್ತಾ ಕೂತೆ.

ಎರಡು ದಿನ ಬಿಟ್ಟು ಅಯ್ಯನವರೇ ಸಂಜೆ ಮನೆಗೆ ಬಂದರು. ಮಂಗಳೂರಿನವರು, ದಪ್ಪ ಕನ್ನಡಕ, ನಗುವಾಗ ಹೊಟ್ಟೆ ಮೊದಲು ಅಲ್ಲಾಡುವ ಮನುಷ್ಯ. ಅವಸರದಲ್ಲಿ ಆರನೆಯ ಕುರ್ಚಿಯಲ್ಲಿ ಕೂತು ಎಡಕ್ಕೆ ವಾಲಿಕೊಂಡೇ ಮಾತು ಶುರು ಮಾಡಿದರು. ಅಪ್ಪ ತಲೆ ತಗ್ಗಿಸಿ, ಯೋಗ್ಯತೆ ಇಲ್ಲ ಎಂದಷ್ಟೇ ಹೇಳುತ್ತಿದ್ದರು. ಅಮ್ಮ ಚಹಾ, ದೊಡ್ಡಮ್ಮ ಮೀನಿನ ಕಟ್ಲೆಟ್ ತಂದಿಟ್ಟರು. ಅಯ್ಯನವರು ಅಭ್ಯಾಸಬಲದಿಂದ, ಪಕ್ಕದಲ್ಲಿ ಸುಳಿದಾಡುತ್ತಿದ್ದ ಪ್ರೀತಮನ ತಲೆಯ ಮೇಲೆ ಕೈ ಇಟ್ಟು ಏನು ಮರಿ, ಚೆನ್ನಾಗಿ ಓದುತ್ತೀಯಾ ಎಂದರು. ಪ್ರೀತಮ ಹೋ ಎಂದು ಅತ್ತುಬಿಟ್ಟ.

"ಬೇಡ ಅಯ್ಯ, ನನ್ನ ತಲೆ ಫುಲ್ ಆಗಿದೆ. ಅಪ್ಪಂದೆಲ್ಲ ನನ್ನ ಮೇಲೇ ಉಂಟು."

ಏನು ಉಂಟು ಎಂದು ಅಯ್ಯನವರು ಕೇಳಿದರು. ನಾನು ಪರದೆಯ ಸಂದಿನಿಂದ ಕಣ್ಣು, ಹುಬ್ಬು, ಕೈ ಎಲ್ಲದರಲ್ಲೂ ಬೇಡ ಎಂದು ಸನ್ನೆ ಮಾಡಿದೆ. ಆದರೆ ಬಾಯಿಪಾಠ ಮಾಡಿಸಿದ್ದು ನಾನೇ. ಅವನು ಕೈಕಟ್ಟಿ ನಿಂತು, ಅಳುತ್ತಲೇ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಧಾಟಿಯಲ್ಲಿ ಒಪ್ಪಿಸಿದ. ಒಂದನೆಯದು, ಸೀಟಿನ ಕೆಳಗೆ ಹಲ್ವಾ. ಅಮ್ಮ ಚಹಾದ ಲೋಟ ಕೆಳಗಿಟ್ಟರು. ಎರಡನೆಯದು, ಅಯ್ಯನವರಿಗೆ ಸುಳ್ಳು ಜ್ವರ ಹೇಳಿ ಕ್ರಿಕೆಟ್ ನೋಡಿದ್ದು. ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಮೂರನೆಯದು, ದೊಡ್ಡಮ್ಮನ ಮೀನುಸಾರು ಚೆನ್ನಾಗಿದೆ ಎಂದು ಸುಳ್ಳು ಹೇಳಿ ಬಾಯಿ ಮುಕ್ಕಳಿಸಿದ್ದು. ದೊಡ್ಡಮ್ಮ ಕಟ್ಲೆಟ್ ತಟ್ಟೆಯನ್ನು ಅಪ್ಪನ ಮುಂದಿನಿಂದ ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಇದನ್ನೆಲ್ಲ ಅಕ್ಕ ತನಗೆ ದಾಟಿಸಿದಳು, ತಾನು ಮೂರು ದಿನದಿಂದ ಕಸದ ತೊಟ್ಟಿಯ ಹತ್ತಿರ ಆಡಿಗೆ ದಾಟಿಸಲು ನೋಡುತ್ತಿದ್ದೇನೆ, ಆಡು ನಿಲ್ಲುವುದೇ ಇಲ್ಲ, ಒಂದು ಆಡು ತನ್ನ ಟೈ ತಿಂದಿತು ಎಂದು ಅವನು ಮುಗಿಸಿದ.

ಅಯ್ಯನವರ ಹೊಟ್ಟೆ ಅಲ್ಲಾಡತೊಡಗಿತು. ಕುರ್ಚಿ ಇನ್ನಷ್ಟು ಎಡಕ್ಕೆ ಹೋಯಿತು. ಅಮ್ಮ ನಗಬೇಕೋ ಹಲ್ವಾ ವಿಚಾರಿಸಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದರು. ಅಪ್ಪ ಮಾತ್ರ ನಗಲಿಲ್ಲ. ಎದ್ದು ಬಂದು ಪರದೆ ಸರಿಸಿ, ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಅವರ ಬೆರಳುಗಳ ಗೆಣ್ಣುಗಳಲ್ಲಿ ಚರ್ಮ ಸುಲಿದಿತ್ತು.

"ಸುಜೀ, ನಾನು ನನ್ನ ಪಾಪ ನಿನ್ನ ತಲೆ ಮೇಲೆ ಹಾಕ್ತೇನೆ ಅಂತ ಎಣಿಸಿದ್ಯಾ?"

ನಾನು ಹೂಂ ಎಂದು ತಲೆಯಾಡಿಸಿದೆ. ಕೈ ವಾಸನೆ ಅಂತ ಅಲ್ಲವಾ ಎಂದರು. ಅಲ್ಲ ಎಂದೆ. ಅಪ್ಪ ಒಂದು ದೊಡ್ಡ ಉಸಿರು ಬಿಟ್ಟರು. ಮತ್ತೆ ದಿನಾ ಬೆಳಿಗ್ಗೆ ಏನು ಪಿಸುಗುಟ್ಟುತ್ತೀರಿ ಎಂದು ನಾನು ಕೇಳಿದೆ. ಅಪ್ಪ ಅಯ್ಯನವರ ಕಡೆ, ದೊಡ್ಡಮ್ಮನ ಕಡೆ ನೋಡಿ ಸಂಕೋಚಪಟ್ಟರು. ಅವರು ದೊಡ್ಡ ಪ್ರಾರ್ಥನೆ ಕಟ್ಟಿ ಹೇಳಲು ಬಾರದವರು. ಅದು ಎಲ್ಲರೆದುರು ಹೊರಬರುತ್ತಿದೆ ಎಂಬ ನಾಚಿಕೆ ಅವರ ಮುಖದಲ್ಲಿತ್ತು.

"ಎಂತ ಹೇಳುದು ಮಾರಾಯ್ತಿ. ಬಸ್ಸಿನ ಬ್ರೇಕ್ ಹೇಳ್ತೇನೆ. ನಾಲ್ಕು ಟಯರ್, ಸ್ಟೇರಿಂಗ್, ಎದುರಿನ ಗ್ಲಾಸು, ಡ್ರೈವರನ ಕಣ್ಣು. ಒಂದೊಂದೇ ಹೆಸರು ಹಿಡಿದು ದೇವರಿಗೆ ಒಪ್ಪಿಸ್ತೇನೆ. ದಿನಾ ಗ್ಯಾರೇಜಿಗೆ ಎಳ್ಕೊಂಡು ಬರ್ತಾರಲ್ಲ, ಹೈವೇಯಲ್ಲಿ ಹೊಡೆದ ಗಾಡಿ. ಒಳಗೆ ಚಪ್ಪಲಿ ಇರ್ತದೆ, ಮಕ್ಕಳ ನೀರಿನ ಬಾಟ್ಲಿ ಇರ್ತದೆ. ನೋಡ್ತೇನಲ್ಲ ನಾನು."

ದೊಡ್ಡಮ್ಮ ಕಟ್ಲೆಟ್ ತಟ್ಟೆಯನ್ನು ಅಪ್ಪ ಕೂತಿದ್ದ ಜಾಗಕ್ಕೆ ವಾಪಸು ಸರಿಸಿದರು. ಅಯ್ಯನವರು ಗಂಟಲು ಸರಿಮಾಡಿಕೊಂಡು ನನಗೆ ತಿಳಿಸಿ ಹೇಳಿದರು. ಆ ಹೋತವನ್ನು ಕೈ ಇಟ್ಟು ಒಂಟಿಯಾಗಿ ಅಟ್ಟಿಬಿಡುತ್ತಿದ್ದರು, ಅದು ಹಿಂದಿರುಗಿ ಬರುವುದು ಯಾರಿಗೂ ಬೇಕಿರಲಿಲ್ಲ. ಆದರೆ ಮೊದಲ ಸಭೆಯವರು ಕೈ ಇಟ್ಟದ್ದು ಯಾರನ್ನೂ ಒಂಟಿ ಮಾಡಲಿಕ್ಕಲ್ಲ. ರೋಗಿಯೋ, ಹೊಸದಾಗಿ ಬಂದವನೋ, ದೂರ ಹೊರಟವನೋ, ಊಟ ಬಡಿಸುವವನೋ, ನೀನು ನಮ್ಮವನು ಎಂದು ಮುಟ್ಟಿ ಹೇಳಲಿಕ್ಕೆ. ಕುರುಡನಾಗಿ ಕೂತಿದ್ದ ಸೌಲನನ್ನು ಅನನೀಯ ಮುಟ್ಟಿ ಮೊದಲು ಕರೆದದ್ದು ಸಹೋದರ ಎಂದು. ನಾನೂ ಅದನ್ನೇ ಅಲ್ಲವಾ ಹೇಳಿದ್ದು ಎಂದು ಅಪ್ಪ ಮತ್ತು ದೊಡ್ಡಮ್ಮ ಒಟ್ಟಿಗೇ ಹೇಳಿದರು. ದೊಡ್ಡವಳಾದ ಮೇಲೆ ನಾನೂ ಈ ಬಗ್ಗೆ ಅಷ್ಟಿಷ್ಟು ಓದಿಕೊಂಡಿದ್ದೇನೆ. ಕೈ ಇಡುವುದಕ್ಕೆ ಆ ಕಾಲದಲ್ಲೇ ಎಷ್ಟೊಂದು ಅರ್ಥಗಳಿದ್ದವು, ಯಾವುದು ಎಲ್ಲಿ ಎಂದು ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ನಮ್ಮ ಊಟದ ಮೇಜಿನಲ್ಲಿ ಕೇಳಿರದ ವಾದ ಅಲ್ಲಿ ನನಗೆ ಹೆಚ್ಚೇನೂ ಸಿಗಲಿಲ್ಲ.

ಅಪ್ಪ ಇನ್ನೂ ಒಪ್ಪಿರಲಿಲ್ಲ. ಈಗ ಜ್ವರದ ವಿಷಯವೂ ಹೊರಗೆ ಬಿತ್ತಲ್ಲ, ಯಾವ ಮುಖದಲ್ಲಿ ಮೊಣಕಾಲೂರಲಿ ಎಂದರು. ಸುಳ್ಳು ಜ್ವರ ಬಂದವರನ್ನೆಲ್ಲ ಬಿಟ್ಟರೆ ತನ್ನ ಕಮಿಟಿಯಲ್ಲಿ ಕುರ್ಚಿಗಳು ಮಾತ್ರ ಉಳಿಯುತ್ತವೆ ಎಂದು ಅಯ್ಯನವರು ಹೇಳಿದರು. ಅಪ್ಪ ಒಂದು ಷರತ್ತು ಹಾಕಿದರು. ಅಯ್ಯನವರಿಗಿಂತ ಮೊದಲು ಸುಜಿ ಕೈ ಇಟ್ಟರೆ ಮಾತ್ರ. ಇಡೀ ಸಭೆ ಕೂಡಿ ಆರಿಸಿದ ಮೇಲೆ ಕೈ ಇಡಲು ದೊಡ್ಡವರೇ ಆಗಬೇಕೆಂದು ಎಲ್ಲಿ ಬರೆದಿದೆ ಎಂದು ದೊಡ್ಡಮ್ಮ ಅಪ್ಪನ ಪರ ನಿಂತರು. ಆ ಮೂರು ತಿಂಗಳಲ್ಲಿ ಅವರಿಬ್ಬರು ಒಂದೇ ಕಡೆ ನಿಂತದ್ದು ಅದೊಂದೇ ಸಲ. ಅಯ್ಯನವರು ನನ್ನನ್ನು ನೋಡಿದರು. ನನಗೆ ಬೇರೊಂದು ಚಿಂತೆ ಹತ್ತಿತ್ತು.

"ಆಗ ನನ್ನ ಪಾಪ ನಿಮಗೆ ದಾಟಿದ್ರೆ?"

"ದಾಟಿದ್ರೆ ದಾಟ್ಲಿ," ಎಂದರು ಅಪ್ಪ.

ಆ ಶುಕ್ರವಾರ ಚರ್ಚಿನ ಹಾಲು ತುಂಬಿತ್ತು. ಅಪ್ಪ ಬಿಳಿ ಶರ್ಟಿನಲ್ಲಿ ಮುಂದೆ ಹೋಗಿ ಮೊಣಕಾಲೂರಿದರು. ಅಯ್ಯನವರು ನನ್ನ ಹೆಸರು ಕರೆದರು. ನಾನು ನಡೆದು ಹೋಗಿ ಅಪ್ಪನ ಮುಂದೆ ನಿಂತಾಗ ಅವರ ನಡುನೆತ್ತಿ ಮೊದಲ ಸಲ ನನ್ನ ಕಣ್ಣಿನ ಕೆಳಗೆ ಬಂತು. ಅಲ್ಲಿ ಕೂದಲು ತೆಳುವಾಗಿ, ಒಂದು ಹಳೆಯ ಗಾಯದ ಗೆರೆ ಕಾಣುತ್ತಿತ್ತು. ಕಾರಿನ ಬಾನೆಟ್ ಬಿದ್ದದ್ದೋ ಏನೋ, ನಾನು ಯಾವತ್ತೂ ಕೇಳಿರಲಿಲ್ಲ. ಮನೆಯಲ್ಲಿ ಅಮ್ಮ ಕಲಿಸಿಕೊಟ್ಟಿದ್ದ ನಾಲ್ಕು ಸಾಲಿನ ಪ್ರಾರ್ಥನೆ ಪೂರ್ತಿ ಮರೆತುಹೋಯಿತು. ಕೈ ಇಟ್ಟೆ. ತಲೆ ಬಿಸಿಯಾಗಿತ್ತು, ಬೆವರಿತ್ತು. ಆಮೇಲೆ ತಿಳಿಯಿತು, ಅದು ನಡುಗುತ್ತಿತ್ತು. ಅಪ್ಪನಿಗೆ ಹೆದರಿಕೆಯಾಗಿತ್ತು. ಅಷ್ಟು ದೊಡ್ಡ ಅಪ್ಪನಿಗೆ ಹೆದರಿಕೆಯಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ದಿನವೂ ಬೆಳಿಗ್ಗೆ ನಾವು ಮೂವರೂ ಅವರ ಕೈಯ ಕೆಳಗೆ ಹಾದು ಹೊರಗೆ ಹೋದ ಮೇಲೆ, ಕೊನೆಯಲ್ಲಿ ಬಾಗಿಲು ಹಾಕಿಕೊಂಡು ಅದೇ ಹೈವೇಯಲ್ಲಿ ಘಾಲಾಕ್ಕೆ ಹೋಗುತ್ತಿದ್ದವರು ಅವರೇ. ಅವರ ತಲೆಯ ಮೇಲೆ ಕೈ ಇಟ್ಟು ಕಳಿಸಲು ಆ ಮನೆಯಲ್ಲಿ ಇಷ್ಟು ವರ್ಷ ಯಾರೂ ಇರಲಿಲ್ಲ. ಅಪ್ಪನ ಕಾರಿನ ಬ್ರೇಕಿನಿಂದ ಶುರು ಮಾಡಿ ಒಂದೊಂದೇ ಹೆಸರು ಹಿಡಿದು ಪಿಸುಗುಟ್ಟತೊಡಗಿದೆ. ಎರಡನೆಯ ಕೈಯನ್ನೂ ಇಟ್ಟೆ. ಅಪ್ಪನ ಭುಜಗಳು ಅಲ್ಲಾಡಿದವು, ಅಳುತ್ತಿದ್ದರು. ಹಿಂದಿನಿಂದ ದೊಡ್ಡಮ್ಮ ನಮ್ಮ ಸಭೆಯಲ್ಲಿ ಯಾರೂ ಹೇಳದಷ್ಟು ಜೋರಾಗಿ ಆಮೆನ್ ಎಂದರು. ಬಾಗಿಲ ಗಾಜಿನಲ್ಲಿ ಮಲಯಾಳಿಗಳ ಮುಖ ಮೂಡತೊಡಗಿತು, ಒಂದು, ಎರಡು, ಐದು. ಅಯ್ಯನವರು ನನ್ನ ಕಿವಿಯ ಹತ್ತಿರ ಬಗ್ಗಿ, ಸಾಕು ಮಗು, ಹೊತ್ತಾಯಿತು ಎಂದರು. ನಾನು ಕೈ ತೆಗೆಯಲಿಲ್ಲ.

"ಇನ್ನೂ ಆಗ್ಲಿಲ್ಲ ಅಯ್ಯ," ಎಂದೆ.